ಸುಲ್ತಾನ್ ಬತ್ತೇರಿ: ಹೊಳೆಯ ದಡದ ಕಾವಲು
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹೊಸೂರಿನವರಾದ ನಮಗೆ ಕೋಟೆಗಳು ಹೊಸವಲ್ಲ. ರಾಯಕೋಟೆ, ಕೃಷ್ಣಗಿರಿಗಳ ದುರ್ಗಗಳನ್ನು ಕಾಣುತ್ತಲೇ ಬೆಳೆದವರು ನಾವು. ಆದರೆ ಕಡಲು ನಮಗೆ ದೂರ. ಆದುದರಿಂದ ಹಡಗುಗಳ ರಕ್ಷಣೆಗೆಂದು ಎದ್ದ ಒಂದು ಕಿರುಕೋಟೆಯ ವೃತ್ತಾಂತವನ್ನು ಇಂದು ತಮ್ಮ ಮುಂದಿಡಬಯಸುತ್ತೇವೆ. ಅದೇ ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿರುವ ಸುಲ್ತಾನ್ ಬತ್ತೇರಿ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಮಂಗಳೂರೂ ಅವನ ವಶವಾಯಿತು. ಒಳನಾಡಿನ ಮೈಸೂರಿಗೆ ಕಡಲಿನ ಬಾಗಿಲು ತೆರೆಯಿತು. ಮಂಗಳೂರು ಮೈಸೂರಿನ ಹಡಗುಕಟ್ಟೆಯಾಯಿತು. ಆದರೆ ಕಟ್ಟಿದ ಹಡಗು ಉಳಿಯಬೇಕಷ್ಟೆ? 1768ರಲ್ಲಿ ಮುಂಬಯಿಯ ಇಂಗ್ಲಿಷ್ ಪಡೆ ಊರನ್ನು ಹಿಡಿಯಿತು. ಅದೇ ವರ್ಷ ಮೈಸೂರಿನವರು ಮರಳಿ ಪಡೆದರು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸನು ಅಲ್ಲಿದ್ದ ನೌಕೆಗಳನ್ನು ನಾಶಗೊಳಿಸಿದನು. 1783ರಲ್ಲಿ ಊರು ಮತ್ತೆ ಇಂಗ್ಲಿಷರ ಕೈಸೇರಿತು. ಟಿಪ್ಪುವು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಅದನ್ನು ಗೆದ್ದುಕೊಂಡನು. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು.

ಪೆಟ್ಟು ತಿಂದು ಕಲಿತ ಪಾಠವೇ ಬತ್ತೇರಿ. ಆ 1784ರಲ್ಲಿಯೇ, ಶತ್ರುವಿನ ಯುದ್ಧನೌಕೆಗಳು ನದಿಯೊಳಕ್ಕೆ ನುಗ್ಗದಂತೆ ತಡೆಯಲು, ಟಿಪ್ಪುವು ಅದನ್ನು ಕರಿಯ ಕಲ್ಲಿನಲ್ಲಿ ಕಟ್ಟಿಸಿದನು. ನೋಡಲು ಕಾವಲುಗೋಪುರ, ಸುತ್ತಲೂ ಫಿರಂಗಿಯ ಕಿಂಡಿಗಳಿರುವುದರಿಂದ ಪುಟ್ಟ ಕೋಟೆಯೇ ಸರಿ. ಕೆಳಗೆ ಮದ್ದಿನ ಉಗ್ರಾಣ. ತೂಗಾಡುವ ಹಡಗಿನಿಂದ ಗುರಿಯಿಡುವುದು ಕಷ್ಟ. ನೆಲದ ಮೇಲಿನ ಫಿರಂಗಿಗೆ ಗುರಿ ಸುಲಭ. ಇಕ್ಕಟ್ಟಾದ ಹೊಳೆಯಲ್ಲಿ ನಿಧಾನವಾಗಿ ಬರುವ ನೌಕೆಗೆ ತಪ್ಪಿಸಿಕೊಳ್ಳಲು ಎಡೆಯೆಲ್ಲಿ?

1796ರಲ್ಲಿ ಟಿಪ್ಪುವು ಸುಮಾರು 40 ಯುದ್ಧನೌಕೆಗಳನ್ನು ಕಟ್ಟಿಸಲು ಆಜ್ಞೆ ಹೊರಡಿಸಿದನು. ಅದು ಕೈಗೂಡುವ ಮೊದಲೇ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಬಂಧುಗಳೆ, ಆಗ ಹ್ಯಾರಿಸನ ಮದ್ರಾಸು ಸೇನೆ ಬಂದುದು ಯಾವ ದಾರಿಯಿಂದ? ಕಡಲಿನಿಂದಲ್ಲ, ನಮ್ಮ ರಾಯಕೋಟೆಯ ದಾರಿಯಿಂದ! 1792ರ ಒಪ್ಪಂದದಲ್ಲಿ ಆ ಕೋಟೆ ಆಗಲೇ ಕೈಬಿಟ್ಟಿತ್ತು. ಹೊಳೆಯ ಬಾಗಿಲು ಭದ್ರವಾಗಿದ್ದರೇನು, ಬೆಟ್ಟದ ಬಾಗಿಲು ತೆರೆದಿತ್ತು.

ಆ ವರ್ಷವೇ ಮಂಗಳೂರೂ ನಮ್ಮ ಹೊಸೂರೂ ಕಂಪೆನಿಯ ಪಾಲಾದವು. ಮುಂದೆ ಬಹುಕಾಲ ಮದ್ರಾಸು ಪ್ರಾಂತದಲ್ಲಿ ಒಡಹುಟ್ಟಿದವರಂತೆ ಇದ್ದವು. 1956ರ ನವೆಂಬರ್ 1ರಂದು ಮಂಗಳೂರು ಕನ್ನಡನಾಡನ್ನು ಸೇರಿತು; ನಾವು ಈಚೆ ಉಳಿದೆವು. ಇದಕ್ಕಾಗಿ ಯಾರ ಮೇಲೂ ಮುನಿಯಬೇಕಾಗಿಲ್ಲ. ನೆರೆಯ ತಮಿಳು, ತೆಲುಗು ಬಂಧುಗಳೊಡನೆ ಬೆರೆತು ಬಾಳುತ್ತಿರುವವರು ನಾವು. ಆದರೆ ನಮ್ಮ ನುಡಿಯ ಕಾವಲು ನಮ್ಮದೇ ಹೊಣೆ.

ಸಂಘವಿದೆ, ವರ್ಷಕ್ಕೊಮ್ಮೆ ಉತ್ಸವವಿದೆ ಎಂದು ನಾವು ನೆಮ್ಮದಿಯಿಂದಿದ್ದರೆ ಅದು ಒಂದು ಬಾಗಿಲನ್ನು ಮಾತ್ರ ಕಾದಂತೆ. ಮಗುವನ್ನು ಕನ್ನಡ ಶಾಲೆಗೆ ಸೇರಿಸುವುದು, ಮನೆಯಲ್ಲಿ ದಿನಕ್ಕೊಂದು ಪುಟ ಕನ್ನಡ ಓದಿಸುವುದು, ಅಜ್ಜಿಯ ಮಾತನ್ನು ಮೊಮ್ಮಗುವಿಗೆ ಮುಟ್ಟಿಸುವುದು, ಇವೂ ಬಾಗಿಲುಗಳೇ. ಇವನ್ನು ಕಾಯಲು ಫಿರಂಗಿ ಬೇಡ. ಪ್ರತಿಯೊಂದು ಮನೆಯೂ ಎಚ್ಚರವಾಗಿದ್ದರೆ ಸಾಕು.