ಗುಲಗಂಜಿಯ ವಿಷ ಮತ್ತು ಸಾಯದ ಕೋಶ



ಉರ್ದು, ಕನ್ನಡ ಪಾಠ ಹೇಳುವ ನಾನು ಇಂದು ವಿಜ್ಞಾನದ ಮಾತಾಡಲು ಕಾರಣವಿದೆ. ಪ್ರತಿ ವರ್ಷ ಫಲಿತಾಂಶ ಬಂದಾಗ ‘ಮೆಡಿಕಲ್ ಸೀಟು ಸಿಗಲಿಲ್ಲ, ಇನ್ನೇನು ಓದಲಿ?’ ಎಂದು ಕೇಳುವ ಮಕ್ಕಳು ನಮ್ಮಲ್ಲಿ ಬಹಳ. ಅವರಿಗಾಗಿ ಒಂದು ಬೀಜದ ವಿಷಯ ಹೇಳುತ್ತೇನೆ.

ಗುಲಗಂಜಿಯನ್ನು ನೀವೆಲ್ಲ ಬಲ್ಲಿರಿ. ಉರ್ದುವಿನಲ್ಲಿ ಅದು ರತ್ತಿ. ಹಿಂದೆ ಅಕ್ಕಸಾಲಿಗರು ಅದರಿಂದ ಚಿನ್ನ ತೂಗುತ್ತಿದ್ದರು. ಆ ಚೆಲುವಾದ ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಅದು ಎರಡು ಭಾಗಗಳ ಪ್ರೋಟೀನು. ‘ಬಿ’ ಭಾಗ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ‘ಎ’ ಭಾಗ ಒಳಹೊಕ್ಕು, ಪ್ರೋಟೀನು ತಯಾರಿಸುವ ರೈಬೋಸೋಮನ್ನು ಕೆಡಿಸುತ್ತದೆ. ಕೋಶ ಸಾಯುತ್ತದೆ. ಇದಕ್ಕೆ ಆಸ್ಪತ್ರೆಗಳಲ್ಲಿ ಸಿದ್ಧ ಪ್ರತಿವಿಷವಿಲ್ಲ. ಮಗು ಬೀಜವನ್ನು ಅಗಿದು ನುಂಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಮಲ್ಲೇಶ್ವರದ 18ನೇ ಕ್ರಾಸ್ ದಾಟಿ ಮುಂದೆ ಹೋದರೆ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅಲ್ಲಿನ ಜೀವರಸಾಯನ ವಿಭಾಗದಲ್ಲಿ ಡಾ. ಅಂಜಲಿ ಕರಂದೆ ಮತ್ತು ಅವರ ಸಂಗಡಿಗರು ಅಬ್ರಿನ್ನಿನ ‘ಎ’ ಭಾಗವನ್ನು ಹಿಡಿಯುವ ಪ್ರತಿಕಾಯವೊಂದನ್ನು ಪಡೆದರು. ಅದರ ಹೆಸರು ಡಿ6ಎಫ್10.

ಪ್ರತಿಕಾಯವನ್ನು ಬೆಳೆಸುವುದು ಹೇಗೆ? ಪರಕೀಯ ವಸ್ತು ದೇಹಕ್ಕೆ ಬಂದರೆ ಬಿ-ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಒಂದು ಕೋಶ ಒಂದೇ ಬಗೆಯದನ್ನು ತಯಾರಿಸುತ್ತದೆ. ಆದರೆ ದೇಹದಿಂದ ಹೊರಗೆ ತೆಗೆದರೆ ಅದು ಕೆಲವೇ ದಿನ ಬದುಕುತ್ತದೆ. ಮಯಲೋಮಾ ಎಂಬ ಕ್ಯಾನ್ಸರಿನ ಕೋಶವೋ ಸಾಯದೆ ಬೆಳೆಯುತ್ತಲೇ ಇರುತ್ತದೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಇವೆರಡನ್ನೂ ಬೆಸೆದರು. ಒಂದರ ಗುಣ, ಇನ್ನೊಂದರ ಆಯುಷ್ಯ ಸೇರಿ ಹೈಬ್ರಿಡೋಮಾ ಹುಟ್ಟಿತು. 1984ರಲ್ಲಿ ಅವರಿಗೆ ನೊಬೆಲ್ ಬಂತು.

ಇಲಿಯ ಗುಲ್ಮದಿಂದ ಬಿ-ಕೋಶಗಳನ್ನು ತೆಗೆದು ಮಯಲೋಮಾದೊಂದಿಗೆ ಬೆಸೆಯುತ್ತಾರೆ. ‘ಹ್ಯಾಟ್’ ಎಂಬ ಪೋಷಕ ದ್ರವದಲ್ಲಿ ಬೆಸೆಯದ ಮಯಲೋಮಾ ಕೋಶಗಳು ಸಾಯುತ್ತವೆ. ಬೆಸೆಯದ ಬಿ-ಕೋಶಗಳು ತಾವಾಗಿಯೇ ಸಾಯುತ್ತವೆ. ಉಳಿಯುವುದು ಬೆಸೆದವು ಮಾತ್ರ. ಅವನ್ನು 96 ಗುಣಿಗಳ ತಟ್ಟೆಯಲ್ಲಿ, ಗುಣಿಗೆ ಒಂದೇ ಕೋಶ ಬೀಳುವಷ್ಟು ತೆಳುಮಾಡಿ ಹಾಕಿ, 37 ಡಿಗ್ರಿ ಶಾಖದಲ್ಲಿ ಬೆಳೆಸುತ್ತಾರೆ. ಯಾವ ಗುಣಿಯಲ್ಲಿ ಬೇಕಾದ ಪ್ರತಿಕಾಯವಿದೆ ಎಂದು ಒಂದೊಂದನ್ನೂ ಪರೀಕ್ಷಿಸುತ್ತಾರೆ. ಡಿ6ಎಫ್10ರಂಥ ಹೆಸರುಗಳು ಸಾಮಾನ್ಯವಾಗಿ ಗುಣಿಯ ಸಾಲು, ಸಂಖ್ಯೆಗಳಿಂದ ಬರುತ್ತವೆ.

ಆ ಪ್ರತಿಕಾಯ ಅಬ್ರಿನ್ನಿನಿಂದ ಕೋಶಗಳನ್ನೂ ಇಲಿಗಳನ್ನೂ ಉಳಿಸಿತು. ಅದು ವಿಷವನ್ನು ಹೇಗೆ ತಡೆಯುತ್ತದೆಂಬ ವಿವರ 2013ರಲ್ಲಿ ಪ್ರಕಟವಾಯಿತು. ಇಲಿಯಿಂದ ಮನುಷ್ಯನ ಔಷಧಿಯವರೆಗೆ ದಾರಿ ದೂರ, ನಿಜ. ಆದರೆ ಕ್ರಮಿಸಲಾಗದ ದಾರಿಯೇನಲ್ಲ. ಕ್ಯೂಬಾದಲ್ಲಿ ರೂಪುಗೊಂಡ ಇಂಥದೇ ಇನ್ನೊಂದು ಪ್ರತಿಕಾಯವನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ, ಕತ್ತಿನ ಕ್ಯಾನ್ಸರಿಗೆ ಔಷಧಿಯಾಗಿ ಮಾರುಕಟ್ಟೆಗೆ ತಂದಿತು.

ವಿದ್ಯಾರ್ಥಿಗಳೇ, ಈ ಕೆಲಸದಲ್ಲಿ ವೈದ್ಯರಷ್ಟೇ ಇಲ್ಲ. ಜೀವರಸಾಯನ, ಸೂಕ್ಷ್ಮಜೀವಿ ಶಾಸ್ತ್ರ, ಜೈವಿಕ ತಂತ್ರಜ್ಞಾನ ಓದಿದವರಿದ್ದಾರೆ. ಒಂದು ಬ್ಯಾಕ್ಟೀರಿಯಾ ಹೊಕ್ಕರೂ ವಾರಗಳ ಶ್ರಮ ಹಾಳು. ಕೋಶಕ್ಕೆ ಭಾನುವಾರವೂ ಆಹಾರ ಬೇಕು. ಅಲ್ಲಿ ಬೇಕಾದದ್ದು ಶುದ್ಧವಾದ ಕೈ, ಚುರುಕು ಕಣ್ಣು ಮತ್ತು ಸಬರ್. ಇವು ಸೀಟಿನ ಪಟ್ಟಿಯಲ್ಲಿ ಹೆಸರಿಲ್ಲದವರಲ್ಲೂ ಇರುತ್ತವೆ.

ಪೋಷಕರಲ್ಲಿ ಒಂದು ವಿನಂತಿ. ಮೆಡಿಕಲ್ ಸಿಗದಿದ್ದರೆ ಮಗಳ ಓದು ಮುಗಿಯಿತೆಂದು ತೀರ್ಮಾನಿಸಬೇಡಿ. ಬಿ.ಎಸ್ಸಿ.ಗೆ ಸೇರಿಸಿ, ಇಷ್ಟಪಟ್ಟರೆ ಎಂ.ಎಸ್ಸಿ. ಓದಲು ಬಿಡಿ. ಗುಲಗಂಜಿಯ ವಿಷಕ್ಕೆ ಔಷಧಿ ಇನ್ನೂ ಆಗಬೇಕಿದೆ. ಅದನ್ನು ಮಾಡುವ ಕೈಗಳು ಈ ಸಭೆಯಲ್ಲೇ ಇರಬಹುದು.