ಅದರಲ್ಲಿ ಯಾವುದು?

ಪಿಯುಸಿ ಫಲಿತಾಂಶ ಬಂದಿತೆಂದರೆ ಮನೆಮನೆಯಲ್ಲೂ ಅದೇ ಮಾತು, ಮುಂದೇನು? ಭೌತಶಾಸ್ತ್ರದಲ್ಲಿ ಬಿಎಸ್ಸಿ ಎಂದರೆ ನೆಂಟರ ಇನ್ನೊಂದು ಪ್ರಶ್ನೆ ಸಿದ್ಧ. ಅದರಲ್ಲಿ ಯಾವುದು? ಖಗೋಳವೋ, ನ್ಯೂಕ್ಲಿಯರೋ, ಎಲೆಕ್ಟ್ರಾನಿಕ್ಸೋ? ಹದಿನೆಂಟರ ಹುಡುಗಿ ಏನು ಹೇಳಿಯಾಳು?

ವಿಜ್ಞಾನಿ ವೆಂಕಿ ರಾಮಕೃಷ್ಣನ್ ಅವರನ್ನೇ ನೋಡಿ. ಬರೋಡಾದಲ್ಲಿ ಭೌತಶಾಸ್ತ್ರದ ಬಿಎಸ್ಸಿ ಮುಗಿಸಿದ್ದು 1971ರಲ್ಲಿ. ಅಮೆರಿಕದಲ್ಲಿ ಅದೇ ವಿಷಯದಲ್ಲಿ ಪಿಎಚ್‌ಡಿಯೂ ಆಯಿತು. ಆಮೇಲೆ ಮನಸ್ಸು ಜೀವಶಾಸ್ತ್ರದ ಕಡೆ ಹೊರಳಿತು. ಡಾಕ್ಟರೇಟ್ ಪಡೆದವರು ಮತ್ತೆ ವಿದ್ಯಾರ್ಥಿಯಾಗಿ ಕೂತರು. 2009ರಲ್ಲಿ ನೊಬೆಲ್ ಬಂತು, ಅದೂ ರಸಾಯನಶಾಸ್ತ್ರಕ್ಕೆ! ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ರಚನೆಯನ್ನು ಅವರು ಕಂಡುಕೊಂಡದ್ದು ಎಕ್ಸ್-ರೇಗಳ ನೆರವಿನಿಂದ. ಹಳೆಯ ಓದು ಎಲ್ಲಿಗೂ ಹೋಗಿರಲಿಲ್ಲ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಆದರೆ ಚಲನೆಯ ನಿಯಮ, ವಿದ್ಯುತ್ಕಾಂತತೆ, ಶಾಖದ ಪಾಠ, ಕ್ವಾಂಟಮ್ ಇವು ಯಾವ ಶಾಖೆಗೆ ಹೋದರೂ ಬೇಕು. ಗಣಿತವಂತೂ ಬೆನ್ನು ಬಿಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪದವಿಯಲ್ಲೂ ಮೊದಲು ಹಲವು ವಿಜ್ಞಾನಗಳನ್ನು ಓದಿಸುತ್ತಾರೆ. ಮುಖ್ಯ ವಿಷಯದ ಆಯ್ಕೆ ಆಮೇಲೆ.

ಹಾಗಾಗಿ ಶಾಖೆಯ ಚಿಂತೆ ಸ್ವಲ್ಪ ಕಾಯಲಿ. ಕಾಲೇಜು ನೋಡಲು ಹೋದಾಗ ಪ್ರಯೋಗಾಲಯದ ಬಾಗಿಲು ತೆಗೆಸಿ. ಆಸಿಲೋಸ್ಕೋಪನ್ನು ಮಕ್ಕಳ ಕೈಗೆ ಕೊಡುತ್ತಾರೋ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೋ? ಕಟ್ಟಡ ಎಷ್ಟು ಮಹಡಿ ಎಂಬುದಕ್ಕಿಂತ ಮೊದಲು ನಾನು ಅದನ್ನೇ ಕೇಳುತ್ತೇನೆ.