ಹನ್ನೆರಡು ತಂತಿಯ ಗಿಟಾರನ್ನು ಮಾರಿದ್ದು

ನಲವತ್ತು ವರ್ಷಕ್ಕೂ ಮೀರಿ ನನ್ನೊಡನಿದ್ದ ಒಂದು ವಾದ್ಯವನ್ನು ಕಳೆದ ಚಳಿಗಾಲದಲ್ಲಿ ಮಾರಿದೆ. ಕೊಂಡವರನ್ನು ನಾನು ಕಂಡಿಲ್ಲ. ಕೊಳ್ಳುವ ಮೊದಲು ಅವರು ಆ ವಾದ್ಯದ ನಾದವನ್ನು ಎದುರಿಗೆ ಕುಳಿತು ಕೇಳಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಕಂಪ್ಯೂಟರಿನ ತೆರೆಯ ಮೇಲಿನ ಹದಿನಾಲ್ಕು ಛಾಯಾಚಿತ್ರಗಳು ಮತ್ತು ನಾನು ಬರೆದ ಒಂದು ಪುಟದ ವಿವರಣೆ, ಅಷ್ಟೆ. ಆ ಒಂದು ಪುಟವನ್ನು ಬರೆಯುವಾಗ ನಾನು ಪಟ್ಟ ಪೇಚಾಟವನ್ನು ಈ ಹೊತ್ತು ತಮ್ಮ ಮುಂದೆ ಹೇಳಿಕೊಳ್ಳಬೇಕೆಂದಿದ್ದೇನೆ.

ಹನ್ನೆರಡು ತಂತಿಯ ಗಿಟಾರೆಂದರೆ ಬೇರೇನೂ ಅಲ್ಲ. ಸಾಮಾನ್ಯ ಗಿಟಾರಿನ ಆರು ತಂತಿಗಳಿಗೂ ಒಂದೊಂದು ಜೊತೆ. ತಾರದ ಎರಡು ಜೊತೆಗಳಲ್ಲಿ ಎರಡು ತಂತಿಗಳಿಗೂ ಒಂದೇ ಶ್ರುತಿ. ಉಳಿದ ನಾಲ್ಕು ಜೊತೆಗಳಲ್ಲಿ ಒಂದು ತಂತಿ ಕೆಳಗಿದ್ದರೆ ಇನ್ನೊಂದು ಅದಕ್ಕೆ ಒಂದು ಸ್ಥಾಯಿ ಮೇಲೆ. ಎಷ್ಟು ಎಚ್ಚರದಿಂದ ಕೂಡಿಸಿದರೂ ಜೊತೆ ತಂತಿಗಳ ನಡುವೆ ಕೂದಲೆಳೆಯಷ್ಟು ಅಂತರ ಉಳಿದೇ ಉಳಿಯುತ್ತದೆ. ಆ ಅಂತರದಿಂದಲೇ ನಾದಕ್ಕೆ ಅಲೆಯಲೆಯಾದ ಹೊಳಪು. ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರವನ್ನು ಸರಿಸುತ್ತ ಝೇಂಕಾರ ಹುಟ್ಟುವ ಗಳಿಗೆಗೆ ಕಾದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಈ ವಾದ್ಯ ಅಮೆರಿಕದಲ್ಲಿ ಬಹುಕಾಲ ಬಡವರದಾಗಿತ್ತು. 1949ರಲ್ಲಿ ತೀರಿಕೊಂಡ ಕಪ್ಪು ಗಾಯಕ ಲೆಡ್ ಬೆಲಿಯ ಕೈಯಲ್ಲಿದ್ದದ್ದು ನ್ಯೂಜೆರ್ಸಿಯಲ್ಲಿ ತಯಾರಾದ ಸ್ಟೆಲ್ಲಾ ಎಂಬ ಅಗ್ಗದ ಜಾತಿಯ ಗಿಟಾರು. ಆ ಕಾಲದ ಹಳ್ಳಿಗಾಡಿನ ಜನ ಸಿಯರ್ಸ್‌ನಂಥ ಅಂಗಡಿಗಳ ಕ್ಯಾಟಲಾಗಿನಲ್ಲಿ ಚಿತ್ರ ನೋಡಿ ವಾದ್ಯಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದರು. ಕೇಳದೆ ಕೊಳ್ಳುವುದು ಕಂಪ್ಯೂಟರಿನಿಂದ ಬಂದ ಹೊಸ ಚಾಳಿಯೇನಲ್ಲ. 1960ರ ದಶಕದಲ್ಲಿ ಜನಪದ ಗೀತೆಗಳ ಅಲೆ ಎದ್ದಾಗ ದೊಡ್ಡ ತಯಾರಕರೂ ಇದರ ಕಡೆ ತಿರುಗಿದರು. 1833ರಲ್ಲಿ ಪ್ರಾರಂಭವಾದ ಮಾರ್ಟಿನ್ ಸಂಸ್ಥೆ 1965ರಲ್ಲಿ, ಬೆನ್ನಿಗೆ ಎರಡರ ಬದಲು ಮೂರು ಹಲಗೆಗಳನ್ನು ಜೋಡಿಸಿದ ಹನ್ನೆರಡು ತಂತಿಯ ಒಂದು ಮಾದರಿಯನ್ನು ಹೊರತಂದಿತು. ಅಗಲವಾದ ಬ್ರೆಜಿಲ್ ರೋಸ್‌ವುಡ್ ಹಲಗೆ ಆಗಲೇ ದುರ್ಲಭವಾಗುತ್ತ ಬಂದಿದ್ದರಿಂದ ಈ ಉಪಾಯ.

ಓದಲೆಂದು ಹೋಗಿ ಪೆನ್ಸಿಲ್ವೇನಿಯಾದಲ್ಲಿ ಉಳಿದುಬಿಟ್ಟ ನಾನು 1978ರಲ್ಲಿ ಒಂದು ಹಳೆಯ ವಾದ್ಯಗಳ ಅಂಗಡಿಯಲ್ಲಿ ಆ ಮಾದರಿಯ ಗಿಟಾರನ್ನು ಕಂಡೆ. ಅದು ತಯಾರಾದ ನಜರೆತ್ ಎಂಬ ಸಣ್ಣ ಊರು ಅಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. ತಿರುಗಿಸಿ ಬೆನ್ನನ್ನು ನೋಡಿದವನು ಬೆರಗಾದೆ. ನೇರಳೆಯ ಛಾಯೆ ಬೆರೆತ ಕಂದು, ನಡುನಡುವೆ ಕಪ್ಪು ಗೆರೆ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಪೆಟ್ಟಿಗೆಗೆ ಇದ್ದದ್ದು ಇದೇ ಬಣ್ಣ. ಯಾವ ಮರವೆಂದು ಕೇಳಿದೆ. ಅಂಗಡಿಯವನು ‘ಈಸ್ಟ್ ಇಂಡಿಯನ್ ರೋಸ್‌ವುಡ್’ ಎಂದ. ಅದು ನಮ್ಮ ಬೀಟೆ. ಚೌಕಾಸಿ ಮಾಡುವ ಶಕ್ತಿ ಅಲ್ಲಿಗೆ ಮುಗಿಯಿತು. 400 ಡಾಲರ್ ಕೊಟ್ಟು ತಂದೆ. ಆಗ ಅದು ನನ್ನ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು.

ಈಗ ಮಾರಲು ಕಾರಣ ಬೆರಳುಗಳು. ಒಂದು ಬೆರಳಿನಲ್ಲಿ ಎರಡೆರಡು ತಂತಿ ಅದುಮುವುದು ಗಂಟುನೋವಿನವನಿಂದ ಆಗುವ ಕೆಲಸವಲ್ಲ.

ಮೊದಲು ಬರೆದ ವಿವರಣೆಯಲ್ಲಿ ‘ವಯಸ್ಸಿಗೆ ತಕ್ಕ ಉತ್ತಮ ಸ್ಥಿತಿ’ ಎಂದಿದ್ದೆ. ಮಾರುವವರೆಲ್ಲ ಬರೆಯುವ ಮಾತು ಅದು; ಅರ್ಥ ಇಷ್ಟೇ ಎಂದು ಯಾರೂ ಹೇಳಲಾರರು. ಮರುದಿನ ಓದಿದಾಗ ನನಗೇ ನಾಚಿಕೆಯಾಯಿತು. ಪೂರ್ಣ ಶ್ರುತಿಗೆ ಏರಿಸಿದಾಗ ಹನ್ನೆರಡು ತಂತಿಗಳ ಒಟ್ಟು ಎಳೆತ ನೂರು ಕಿಲೋಗ್ರಾಂ ತೂಕಕ್ಕೂ ಮೀರುತ್ತದೆ. ಅದನ್ನು ತಡೆಯುವುದು ಸುಮಾರು ಮೂರು ಮಿಲಿಮೀಟರ್ ದಪ್ಪದ ಸ್ಪ್ರೂಸ್ ಮರದ ಎದೆಹಲಗೆ, ಅದರ ಒಳಗೆ ಅಂಟಿಸಿದ ಪಟ್ಟಿಗಳು. ಐವತ್ತು ವರ್ಷದ ಎಳೆತಕ್ಕೆ ಎದೆಹಲಗೆ ಕುದುರೆಯ ಹಿಂದೆ ಉಬ್ಬಿತ್ತು. ಕತ್ತು ಮುಂದಕ್ಕೆ ಬಾಗಿತ್ತು. ಹನ್ನೆರಡನೆಯ ಮೆಟ್ಟಿನ ಬಳಿ ತಂತಿಗಳು ಇರಬೇಕಾದ್ದಕ್ಕಿಂತ ಎತ್ತರದಲ್ಲಿದ್ದವು. ಇಂದಲ್ಲ ನಾಳೆ ಯಾರಾದರೂ ಆ ಕತ್ತಿನ ಬೆಸುಗೆಗೆ ಹಬೆ ಹಾಯಿಸಿ, ಅಂಟು ಸಡಿಲಿಸಿ, ಬಿಚ್ಚಿ, ಕೋನ ತಿದ್ದಿ ಮತ್ತೆ ಕೂಡಿಸಬೇಕು. ನೂರಾರು ಡಾಲರಿನ ಕೆಲಸ. ಮೆಟ್ಟುಗಳ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಇಟ್ಟು, ಅದರ ತುದಿ ಕುದುರೆಯ ತಲೆಯನ್ನು ಮುಟ್ಟದೆ ಎಷ್ಟು ಕೆಳಗೆ ಹೋಗಿ ತಗಲುತ್ತದೆಂದು ಕಾಣುವಂತೆ ಚಿತ್ರ ತೆಗೆದೆ. ತಿಳಿದವರಿಗೆ ಆ ಒಂದು ಚಿತ್ರವೇ ಜಾತಕ. 2,200 ಡಾಲರ್ ಬೆಲೆ ಹಾಕಿ ಪ್ರಕಟಿಸಿದೆ.

ಮೂರನೆಯ ದಿನ ಒಂದು ಪತ್ರ ಬಂತು. ಮರ ಬ್ರೆಜಿಲಿನದೇ ಎಂಬುದು ಪ್ರಶ್ನೆ. ಪ್ರಶ್ನೆಗೆ ಕಾರಣವಿದೆ. 1960ರ ದಶಕದ ಕೊನೆಗೆ ಬ್ರೆಜಿಲಿನಿಂದ ದಿಮ್ಮಿಗಳು ಬರುವುದು ನಿಂತು, ಈ ತಯಾರಕರು 1969ರ ಕೊನೆಯ ಹೊತ್ತಿಗೆ ಭಾರತದ ಬೀಟೆಗೆ ಬದಲಾಯಿಸಿದರು. ಅದಕ್ಕೆ ಹಿಂದಿನ ವಾದ್ಯಗಳಿಗೆ ಸಂತೆಯಲ್ಲಿ ಎರಡರಷ್ಟು ಬೆಲೆ. ನನ್ನ ವಾದ್ಯದೊಳಗೆ ಕತ್ತು ಸೇರುವ ದಿಮ್ಮಿಯ ಮೇಲೆ ಒತ್ತಿರುವ ಸಂಖ್ಯೆ 1971ನೆಯ ಇಸವಿಯದು, ಸಂಶಯಕ್ಕೆ ಎಡೆಯಿಲ್ಲ. ಹಾಗೆಂದು ಬರೆದೆ. ಮರುಪತ್ರ ಬಂತು: ‘ಬಹುಶಃ ಬ್ರೆಜಿಲಿನದು ಎಂದು ನಿಮ್ಮ ವಿವರಣೆಯಲ್ಲಿ ಸೇರಿಸಿ. ಸಾವಿರ ಡಾಲರ್ ಹೆಚ್ಚಿಗೆ ಕೊಡುತ್ತೇನೆ.’ ಮತ್ತೊಬ್ಬರಿಗೆ ಮಾರುವ ಅಂದಾಜಿನವರು ಎಂಬುದು ಸ್ಪಷ್ಟವಾಗಿತ್ತು.

ತಕ್ಷಣ ತಿರಸ್ಕರಿಸಿದೆನೆಂದು ಹೇಳಿದರೆ ಸುಳ್ಳಾದೀತು. ಎರಡು ದಿನ ಸುಮ್ಮನಿದ್ದೆ. ‘ಬಹುಶಃ’ ಎಂಬುದು ಎಷ್ಟು ಸಾಧುವಾದ ಮಾತು! ವಿದ್ವಾಂಸರು ಪುಟಕ್ಕೆ ನಾಲ್ಕು ಸಲ ಬಳಸುತ್ತಾರೆ. ಆದರೆ ಬ್ರೆಜಿಲಿನ ಆ ಮರ 1992ರಲ್ಲಿ ಅಳಿವಿನಂಚಿನ ಜೀವಜಾತಿಗಳ ಅಂತರರಾಷ್ಟ್ರೀಯ ಒಪ್ಪಂದದ ಒಂದನೆಯ ಅನುಬಂಧಕ್ಕೆ ಸೇರಿತು; ಪರವಾನಗಿಯಿಲ್ಲದೆ ಅಂಥ ವಾದ್ಯವನ್ನು ಗಡಿ ದಾಟಿಸಿ ಮಾರುವಂತಿಲ್ಲ. ಬೀಟೆ ಮತ್ತು ಅದರ ದಾಯಾದಿ ಮರಗಳನ್ನು 2017ರಲ್ಲಿ ಎರಡನೆಯ ಅನುಬಂಧಕ್ಕೆ ಸೇರಿಸಿದರಾದರೂ 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ನನ್ನ ಒಂದು ‘ಬಹುಶಃ’ ಮುಂದೆ ಯಾವನೋ ವಾದಕನನ್ನು ಯಾವುದೋ ಸುಂಕದ ಕಟ್ಟೆಯಲ್ಲಿ ನಿಲ್ಲಿಸಬಹುದಾಗಿತ್ತು. ನನ್ನನ್ನು ತಡೆದದ್ದು ಪ್ರಾಮಾಣಿಕತೆಯೋ ಹೆದರಿಕೆಯೋ ಈಗಲೂ ಬಿಡಿಸಿ ಹೇಳಲಾರೆ. ಇದರ ಜೊತೆಗೆ ಇನ್ನೊಂದಿತ್ತು: ಅಜ್ಜನ ಪೆಟ್ಟಿಗೆಯ ಮರಕ್ಕೆ ಸುಳ್ಳು ತಂದೆಯ ಹೆಸರು ಹೇಳಬೇಕಲ್ಲ ಎಂಬ ಸಿಟ್ಟು. ಆಗುವುದಿಲ್ಲವೆಂದು ಬರೆದು, ವಿವರಣೆಗೆ ಒಂದು ಸಾಲು ಸೇರಿಸಿದೆ: ಬೆನ್ನು ಮತ್ತು ಪಕ್ಕೆಗಳು ದಕ್ಷಿಣ ಭಾರತದ ಬೀಟೆ, ಮಾರುವವನೂ ಅದೇ ಕಡೆಯವನು.

ಆರು ವಾರ ಯಾರೂ ಬರಲಿಲ್ಲ. ಅನಂತರ ಒಹಾಯೋದ ಒಬ್ಬ ಶಾಲಾ ಶಿಕ್ಷಕಿಯಿಂದ ಒಂದೇ ಒಂದು ಪ್ರಶ್ನೆ: ‘ಇಷ್ಟು ವರ್ಷ ಇದನ್ನು ಯಾವ ಶ್ರುತಿಯಲ್ಲಿ ಇಟ್ಟಿದ್ದಿರಿ?’ ಓದಿ ಎದೆ ತಣ್ಣಗಾಯಿತು. ಎಳೆತ ತಗ್ಗಲೆಂದು ಎರಡು ಮೆಟ್ಟು ಕೆಳಗೆ ಶ್ರುತಿ ಮಾಡಿ, ಬೇಕಾದಾಗ ಕತ್ತಿಗೆ ಕೇಪೋ ಬಿಗಿದು ನುಡಿಸುವುದು ಈ ವಾದ್ಯವನ್ನು ಬಲ್ಲವರ ಕ್ರಮ. ನಾನೂ ಹಾಗೆಯೇ ಮಾಡುತ್ತ ಬಂದಿದ್ದೆ. ಕತ್ತಿನ ರಿಪೇರಿಗೆಂದು 400 ಡಾಲರ್ ಇಳಿಸಲು ಕೇಳಿದರು. ಕೊಂಡ ಬೆಲೆಯಷ್ಟೇ ಆಯಿತಲ್ಲ ಎಂದು ನಗುತ್ತ ಒಪ್ಪಿದೆ.

ಜನವರಿಯ ಹಿಮದಲ್ಲಿ ಕಳಿಸಬೇಕಾಯಿತು. ತಂತಿಗಳನ್ನು ಸಡಿಲಿಸಿ, ಕತ್ತಿನ ಕೆಳಗೆ ಕಾಗದದ ಉಂಡೆಗಳನ್ನು ತುಂಬಿ, ಪೆಟ್ಟಿಗೆಯೊಳಗೊಂದು ಪೆಟ್ಟಿಗೆಯಾಗಿ ಕಟ್ಟಿದೆ. ತಂದೊಡನೆ ತೆರೆಯಬಾರದು, ಒಂದು ದಿನ ಮನೆಯ ಶಾಖಕ್ಕೆ ಹೊಂದಿಕೊಳ್ಳಲಿ, ಇಲ್ಲವಾದರೆ ಹಳೆಯ ಮೆರುಗೆಣ್ಣೆ ಬಿರುಕು ಬಿಡುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದು ಮೇಲೆ ಅಂಟಿಸಿದೆ.

ಐದನೆಯ ದಿನ ಪತ್ರ ಬಂತು. ಹೇಳಿದಂತೆ ಒಂದು ಹಗಲು ಒಂದು ರಾತ್ರಿ ತೆರೆಯದೆ ಕಾದಿದ್ದರಂತೆ. ತೆರೆದು ಶ್ರುತಿ ಮಾಡುತ್ತಿದ್ದಂತೆ ಮೂರನೆಯ ಜೊತೆಯ ಸಣ್ಣ ತಂತಿ ಹರಿಯಿತಂತೆ. ಹನ್ನೆರಡರಲ್ಲಿ ಮೊದಲು ಹರಿಯುವುದು ಯಾವಾಗಲೂ ಅದೇ. ಗಿಟಾರಿನ ಪೆಟ್ಟಿಗೆಯ ಚಿಕ್ಕ ಗೂಡಿನಲ್ಲಿ ಆ ತಂತಿಯ ನಾಲ್ಕು ಸುರುಳಿ ಇಟ್ಟಿದ್ದೇನೆ, ನೋಡಿ ಎಂದು ಉತ್ತರ ಬರೆದೆ.